ಜಳಕಾ ಮಾಡಿದ ಮ್ಯಾಲೆ ಹಕ್ಕಿ ಬಣ್ಣ ಹೋತ್ರಿ!

ಪ್ರಶ್ನೆ: ಸರ್, ಮಗಳು ಹಠಾ ಹಿಡದ್ಲಂತ ಹೋದ ವಾರ ಸಂತ್ಯಾಗ ನಾಕು ಹಸಿರು ಸಣ್ಣ ಹಕ್ಕಿ ತಗೊಂಡ್ವಿ, ಮಾರಾಂವ ಫಾರಿನ್ ಫಿಂಚ್ (ಕಾಳು ತಿನ್ನೋ ಸಣ್ಣ ಹಕ್ಕಿ) ಅಂದಿದ್ದ. ತಾಟಿನ್ಯಾಗ ನೀರಿಟ್ರ ಜಳಕಾ ಮಾಡಿದ್ವು, ನೀರು ಹಸಿರಾತು, ಹಕ್ಕಿ ಕಂದಾದ್ವು. ಏನರ ರೋಗ ಬಂದೈತೇನ್ರಿ?
— ಹುಬ್ಬಳ್ಳಿಯ ಓದುಗರು

ಉತ್ತರ: ರೋಗ ಅಲ್ರಿ, ಪೇಂಟ್ ಹೋತು ಅಷ್ಟ. ನಿಮಗ ಮಾರಿದ್ದು ನಮ್ಮ ಹೊಲದಾಗಿನ ರಾಟವಾಳ, ಅಂದ್ರ ಮುನಿಯಾ. ಬಲಿ ಹಾಕಿ ಹಿಡದು, ಬಣ್ಣದಾಗ ಅದ್ದಿ ಫಾರಿನ್ ಅಂತ ಮಾರೋದು ಹಳೇ ಧಂದೆ. ಎದಿ ಮ್ಯಾಲೆ ಮೀನಿನ ಹುರುಪಿ ಹಂಗ ಗೆರಿ ಇದ್ರ ಅದು ಚುಕ್ಕೆ ರಾಟವಾಳ, ಮೈ ತೆಳು ಕಂದು, ಕೊಕ್ಕು ದಪ್ಪ ಬೂದಿ ಬಣ್ಣ, ಬಾಲ ಕರೇದು ಚೂಪು ಇದ್ರ ಸಿಲ್ವರ್‌ಬಿಲ್, ಈ ಎರಡನೇದು ಬಾಳ ಶ್ಯಾಣ್ಯಾ, ಗೀಜಗ ಬಿಟ್ಟ ಹಳೇ ಗೂಡಿನ್ಯಾಗ ಬಾಡಿಗಿ ಇಲ್ಲದ ಸಂಸಾರ ಹೂಡತೈತಿ. ಖರೇನ ಹಸಿರು ಇರೋ ಮುನಿಯಾನೂ ಒಂದೈತಿ, ಆದ್ರ ಅದು ರಾಜಸ್ಥಾನದ ಅಬು ಕಡೆ, ಮಧ್ಯ ಭಾರತದ ಕಡೆ ಇರೋದು, ಅದೂ ಈಗ ಅಪಾಯದಾಗೈತಿ.

ಮತ್ತ ಬಣ್ಣ ನೋಡಬೇಕು ಅಂತಿದ್ರ ಪಂಜರ ಯಾಕ ಬೇಕ್ರಿ, ಮಳಿಗಾಲ ಮುಗಿಯೋ ಹೊತ್ತಿಗೆ ಮಗಳನ್ನ ಕರಕೊಂಡು ಧಾರವಾಡದ ಕೆಲಗೇರಿ ಕೆರಿ ದಂಡಿಗೆ ಹೋಗ್ರಿ, ಹುಲ್ಲು ಆಪು ಬೆಳದಲ್ಲೆ ಸುಮ್ನ ಕುಂದ್ರಿ, ನಸೀಬಿದ್ರ ಕೆಂಪು ರಾಟವಾಳ ಕಾಣತೈತಿ. ಗಂಡು ಕುಂಕುಮದಾಗ ಹೊಳ್ಳಾಡಿ ಎದ್ದಂಗ ಕೆಂಪು, ಮೈ ತುಂಬ ಬಿಳೀ ಚುಕ್ಕಿ. ಮರಿ ಮಾಡೋ ಸೀಸನ್ ಮುಗೀತು ಅಂದ್ರ ಆ ಪುಕ್ಕ ಉದುರಿ ಅದೂ ಹೆಣ್ಣಿನಂಗ ಕಂದಾಗತೈತಿ. ಈ ಬಣ್ಣ ಮಾತ್ರ ಜಳಕಾ ಮಾಡಿದ್ರ ಹೋಗಂಗಿಲ್ಲ!

ನಿಮ್ಮ ಹಕ್ಕೀನ ಸೋಪು ಹಚ್ಚಿ ತೊಳೀಬ್ಯಾಡ್ರಿ, ಹೊಸಾ ಪುಕ್ಕ ಬಂದಂಗ ಉಳಿದ ಬಣ್ಣ ತಾನ ಹೋಗತೈತಿ. ಆದ್ರ ಮನ್ಯಾಗ ಇಟ್ಕೊಳ್ಳಂಗಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡು ಹಕ್ಕಿ ಹಿಡಿಯೋದು, ಮಾರೋದು, ಸಾಕೋದು ಎಲ್ಲಾ ಅಪರಾಧ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಒಪ್ಪಿಸಿಬಿಡ್ರಿ.

ಪ್ರಶ್ನೆ: ನಮ್ಮ ಮನ್ಯಾಗ ಗೌಲ್ಡಿಯನ್ ಫಿಂಚ್ ಅದಾವ, ಒಂದಕ್ಕ ಕೆಂಪು ತಲಿ, ಒಂದಕ್ಕ ಕರೀ ತಲಿ. ಬ್ಯಾರೆ ಬ್ಯಾರೆ ಜಾತಿ ಏನ್ರಿ?
— ಗದಗಿನ ಓದುಗರು

ಉತ್ತರ: ಒಂದ ಜಾತಿರಿ. ಆಸ್ಟ್ರೇಲಿಯಾದ ಉತ್ತರ ಭಾಗದ ಹಕ್ಕಿ, ಅಲ್ಲೆ ಕಾಡಿನ್ಯಾಗ ಕರೀ ತಲೀದು ಜಾಸ್ತಿ, ಕೆಂಪು ಕಡಿಮಿ, ಹಳದಿ ತಲಿ ಬಾಳ ಅಪರೂಪ. ಮರಿ ಆದಾಗ ಬಾಯಿ ನೋಡ್ರಿ, ತುಟಿ ಮೂಲ್ಯಾಗ ನೀಲಿ ಮಣಿ ಪೋಣಿಸಿದಂಗ ಇರತೈತಿ, ಮರದ ಪೊಟರಿ ಕತ್ತಲ್ಯಾಗೂ ಬೆಳಕಿಗೆ ಮಿಂಚತಾವ, ಅವ್ವ ಅಪ್ಪಗ ಕಾಳು ಎಲ್ಲಿ ಹಾಕಬೇಕು ಗೊತ್ತಾಗತೈತಿ. ಅಂದಹಂಗ ಇವು ಹೆಸರಿಗಷ್ಟ ಫಿಂಚ್, ಸಂಬಂಧ ನೋಡಿದ್ರ ನಮ್ಮ ರಾಟವಾಳದ ಬಳಗನ. ಖರೇ ಫಿಂಚ್ ಅಂದ್ರ ಚಳಿಗಾಲಕ್ಕ ನಮ್ಮ ಕಡೆ ಬರೋ ರೋಸ್‌ಫಿಂಚ್.

ಪ್ರಶ್ನೆ: ಜೀಬ್ರಾ ಫಿಂಚ್ ಜೋಡಿ ಮ್ಯಾಲಿಂದ ಮ್ಯಾಲೆ ತತ್ತಿ ಇಡಾಕತ್ತೈತಿ, ಹೆಣ್ಣು ಸೊರಗೇತಿ. ಏನ್ ಮಾಡ್ಲಿ?
— ಹಾವೇರಿಯ ಓದುಗರು

ಉತ್ತರ: ಮರಿ ಇಲ್ಲದ ಹೊತ್ತು ನೋಡಿ ಗೂಡಿನ ಗಡಿಗಿ, ನಾರು ಎಲ್ಲಾ ತಗದುಬಿಡ್ರಿ, ಗಂಡು ಹೆಣ್ಣು ಸ್ವಲ್ಪ ದಿನ ಬ್ಯಾರೆ ಪಂಜರದಾಗ ಇರಲಿ. ಕಟಲ್ ಬೋನ್ (ಕಟಲ್ ಫಿಶ್ ಅನ್ನೋ ಕಡಲ ಜೀವಿಯ ಸುಣ್ಣದಂಥ ಚಿಪ್ಪು) ತೂಗ ಹಾಕ್ರಿ, ತತ್ತಿ ಸಿಪ್ಪಿಗೆ ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹೋಗಿರತೈತಿ. ಹೆಣ್ಣು ಮೈ ಉಬ್ಬಿಸಿ ತಳದಾಗ ಕುಂತ್ರ ತಡಾ ಮಾಡದ ಡಾಕ್ಟರ್ ಕಡೆ ಒಯ್ರಿ. ಇವು ಆಸ್ಟ್ರೇಲಿಯಾದ ಒಣ ಸೀಮಿ ಹಕ್ಕಿ, ಮಳಿ ಬಂದು ಹುಲ್ಲು ಕಾಳು ಕಟ್ಟಿದಾಗ ಗಡಬಡ ಮಾಡಿ ಮರಿ ಮಾಡೋ ರೂಢಿ, ನಿಮ್ಮ ಮನ್ಯಾಗ ವರ್ಷಾನುಗಟ್ಲೆ ಬಟ್ಟಲ ತುಂಬ ನವಣಿ ನೋಡಿ ಮಳಿಗಾಲ ಇನ್ನೂ ಮುಗಿದಿಲ್ಲ ಅಂದ್ಕೊಂಡಾವ.