ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಟ್ಟದೊಳಗೆ ಕಟ್ಟಿದ ಎಣ್ಣೆ ಟ್ಯಾಂಕುಗಳು ಈಗಲೂ ಇವೆಯೇ?

ಇವೆ. ಸ್ಕಾಟ್ಲೆಂಡಿನ ಇಂಚಿನ್‌ಡೌನ್ ನೋಡಿ. ಇನ್ವರ್‌ಗಾರ್ಡನ್ ಬಂದರಿನ ಹತ್ತಿರದ ಬೆಟ್ಟದ ಜಾಗ ಅದು.

ಬ್ರಿಟಿಷ್ ನೌಕಾಪಡೆಯ ಹಡಗುಗಳು ಆಗ ಫರ್ನೇಸ್ ಎಣ್ಣೆಯಲ್ಲಿ ಓಡುತ್ತಿದ್ದವು, ಬಂದರಿನ ಟ್ಯಾಂಕುಗಳು ಬಯಲಲ್ಲೇ ಇದ್ದವು, ಜರ್ಮನ್ ವಿಮಾನಗಳು ಬಂದರೆ ಒಂದೇ ಬಾಂಬಿಗೆ ಎಲ್ಲಾ ಹೋಗುವ ಭಯ. ಹಾಗಾಗಿ 1938ರಲ್ಲಿ ಬೆಟ್ಟ ಕೊರೆಯಲು ಶುರು ಮಾಡಿ 1941ಕ್ಕೆ ಮುಗಿಸಿದರು. ಒಟ್ಟು 6 ಟ್ಯಾಂಕು. ದೊಡ್ಡ ಐದೂ ಒಂದೊಂದು ಸುಮಾರು 237 ಮೀಟರ್ ಉದ್ದ, 9 ಮೀಟರ್ ಅಗಲ, 13 ಮೀಟರಿಗಿಂತ ಜಾಸ್ತಿ ಎತ್ತರ. ಒಂದರಲ್ಲೇ ಎರಡೂವರೆ ಕೋಟಿ ಲೀಟರ್ ಹಿಡಿಯುತ್ತದೆ! ಎಣ್ಣೆ ಪೈಪಿನಲ್ಲಿ ಬಂದರಿಗೆ ಹೋಗುತ್ತಿತ್ತು.

ನನಗೆ ತುಂಬಾ ಇಷ್ಟವಾದದ್ದು ಒಳಗಿನ ಸದ್ದು. ದೊಡ್ಡ ಟ್ಯಾಂಕಿಗೆ ಬಾಗಿಲೇ ಇಲ್ಲ. ದಪ್ಪ ಕಾಂಕ್ರೀಟ್ ಗೋಡೆಯಲ್ಲಿರುವ ಸುಮಾರು 46 ಸೆಂಟಿಮೀಟರ್ ಅಗಲದ ಪೈಪಿನೊಳಗೆ ಮಲಗಿಕೊಂಡೇ ಜಾರಿ ಹೋಗಬೇಕು. ಒಳಗೆ ಕಗ್ಗತ್ತಲು, ನೆಲದ ಮೇಲೆ ಹಳೇ ಎಣ್ಣೆಯ ಜಿಡ್ಡು. ಸಾಲ್ಫರ್ಡ್ ವಿಶ್ವವಿದ್ಯಾಲಯದ ಧ್ವನಿ ವಿಜ್ಞಾನಿ ಟ್ರೆವರ್ ಕಾಕ್ಸ್ ಅಲ್ಲಿ ಪಿಸ್ತೂಲಿನ ಖಾಲಿ ತೋಟಾ ಹಾರಿಸಿ ಅಳೆದಾಗ, 125 ಹರ್ಟ್ಸ್‌ನ ಮಂದ್ರ ಸದ್ದು ಅಡಗಲು 112 ಸೆಕೆಂಡ್ ಬೇಕಾಯಿತು, ಅಂದರೆ ಹತ್ತಿರ ಹತ್ತಿರ ಎರಡು ನಿಮಿಷ, ಮತ್ತು ಅದು ಗಿನ್ನೆಸ್ ದಾಖಲೆಗೂ ಸೇರಿತು. ಉದ್ದನೆಯ ಜಾಗ, ನುಣುಪು ಗೋಡೆ, ಅದರ ಸಣ್ಣ ರಂಧ್ರಗಳನ್ನೆಲ್ಲ ಎಣ್ಣೆ ಮುಚ್ಚಿಬಿಟ್ಟಿದೆ. ಸದ್ದನ್ನು ಹೀರುವುದಕ್ಕೆ ಅಲ್ಲಿ ಏನಿದೆ ಹೇಳಿ?

ಯುದ್ಧ ಮುಗಿದ ಮೇಲೆ ಸುಮ್ನೆ ಬಿಟ್ಟರು ಅಂದುಕೊಳ್ಳಬೇಡಿ. 1982ರ ಫಾಕ್‌ಲೆಂಡ್ಸ್ ಯುದ್ಧದ ಹೊತ್ತಿಗೂ ಅದು ಬಳಕೆಯಲ್ಲಿತ್ತು, ಪೂರ್ತಿ ಮುಚ್ಚಿದ್ದು 2002ರಲ್ಲಿ.