ನೀರಲ್ಲಿ ಮುಳುಗಿ ಸಾಯುವುದರ ಬಗ್ಗೆ ಜಗತ್ತಿನಲ್ಲಿ ಎಷ್ಟು ಸಂಶೋಧನೆ ಆಗಿದೆ ಅಂತ ಅಳೆಯೋದು ಹೇಗೆ?
ಸ್ಕೋಪಸ್, ವೆಬ್ ಆಫ್ ಸೈನ್ಸ್, ಪಬ್‌ಮೆಡ್ ಎಂಬ ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಸೂಚಿಗಳಲ್ಲಿ ಹುಡುಕಿ, ಸಿಕ್ಕ ಪ್ರಬಂಧಗಳನ್ನು ವರ್ಷ, ದೇಶ, ಉಲ್ಲೇಖಗಳ ಪ್ರಕಾರ ಎಣಿಸುತ್ತಾರೆ. ಹೇಳೋಕೆ ಸುಲಭ. ಆದರೆ ‘ಡ್ರೌನಿಂಗ್’ ಎಂದು ಹಾಕಿದರೆ ಮುಳುಗಿಯೇ ಸತ್ತದ್ದೇ ಎಂದು ತಿಳಿಯಲು ಮರಣೋತ್ತರ ಪರೀಕ್ಷೆಯಲ್ಲಿ ಮೂಳೆಮಜ್ಜೆಯೊಳಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಡುಕುವ ಪ್ರಬಂಧಗಳೂ ಬಂದು ಬೀಳುತ್ತವೆ. ಸಾರ್ವಜನಿಕ ಆರೋಗ್ಯಕ್ಕೆ ಸೇರಿದ್ದನ್ನು ಸಾರಾಂಶ ಓದಿಯೇ ಹೆಕ್ಕಬೇಕು. ಯಂತ್ರಕ್ಕೆ ಬಿಟ್ಟ ಎಣಿಕೆಯನ್ನು ನಾನಂತೂ ನಂಬಲ್ಲ.

ಬರೀ ಪ್ರಬಂಧಗಳ ಸಂಖ್ಯೆಯಿಂದಲೂ ಹೆಚ್ಚೇನೂ ತಿಳಿಯದು. ಸಾವಿನ ಪಕ್ಕ ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು, ಶೇ 90ಕ್ಕೂ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಪ್ರಬಂಧಗಳಲ್ಲಿ ಮುಂದಿರುವುದು ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳು. ಅಲ್ಲಿನ ಈಜುಕೊಳದ ಬೇಲಿಯ ಅಧ್ಯಯನ ಬಾಂಗ್ಲಾದೇಶದ ಮನೆ ಹಿಂದಿನ ಹೊಂಡಕ್ಕೆ ಹೊಂದುವುದಿಲ್ಲ. ಬಾಂಗ್ಲಾದೇಶಕ್ಕೆ, ಅಮ್ಮಂದಿರು ಕೆಲಸದಲ್ಲಿರುವ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ‘ಆಂಚಲ್’ ಶಿಶುಕೇಂದ್ರಗಳ ಅಧ್ಯಯನ ಬೇಕಾಯಿತು.

ಪ್ರಬಂಧಗಳ ಸಂಖ್ಯೆಯನ್ನು ಸಾವಿನ ಸಂಖ್ಯೆಯಿಂದ ಭಾಗಿಸುವಾಗ ಛೇದದಲ್ಲಿರುವ ಸಾವಿನ ಲೆಕ್ಕವೂ ಪೂರ್ತಿಯಲ್ಲ: ರೋಗ, ಸಾವಿನ ಕಾರಣಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಆಕಸ್ಮಿಕ ಮುಳುಗಡೆಯ ಡಬ್ಲ್ಯೂ65ರಿಂದ ಡಬ್ಲ್ಯೂ74ರವರೆಗಿನ ಕೋಡ್‌ಗಳನ್ನಷ್ಟೇ ಕೂಡಿಸಿದರೆ ಪ್ರವಾಹ, ದೋಣಿ ದುರಂತದಲ್ಲಿ ಸತ್ತವರು ಹೊರಗುಳಿಯುತ್ತಾರೆ.