ಮೆಟ್ರೋದಂಥ ದೊಡ್ಡ ಕಾಮಗಾರಿಯ ಪ್ಲಾನಿಂಗ್ ಕೆಲಸಕ್ಕೆ ಸೇರಿದ್ದೇನೆ, ಮೊದಲು ಏನು ಕಲಿಯಬೇಕು?

ಸಿವಿಲ್ ಮುಗಿಸಿ ನೇರ ಪ್ಲಾನಿಂಗ್‌ಗೆ ಬಂದಿದ್ದೀರಿ, ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ ಕೇಳಿದ್ದೀರಿ. ಕೆಲಸದ ವೇಳಾಪಟ್ಟಿ ಹಾಕುವ ಪ್ರೈಮಾವೆರಾ ಕಲಿಯಿರಿ, ಎರಡು ತಿಂಗಳಲ್ಲಿ ಕೈ ಪಳಗುತ್ತದೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹದಿನಾಲ್ಕು ವರ್ಷದಿಂದ ಬೆಂಗಳೂರಿನ ಫ್ಲೈಓವರ್, ಸೇತುವೆ ಕೆಲಸಗಳಲ್ಲಿದ್ದೇನೆ. ನಾನು ನೋಡಿದ ಮಟ್ಟಿಗೆ ಕೆಲಸ ಕೈಕೊಡುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲೇ.

ನಮ್ಮ ಮೆಟ್ರೋದ ನೇರಳೆ ಮಾರ್ಗ ನೋಡಿ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ 13.71 ಕಿ.ಮೀ. ಶುರುವಾಯಿತು. ಈ ಕಡೆ ಬೈಯಪ್ಪನಹಳ್ಳಿಗೆ 2011ರಿಂದಲೇ ರೈಲು ಬರುತ್ತಿತ್ತು. ನಡುವೆ ಉಳಿದದ್ದು ಎರಡು ಕಿ.ಮೀ. ಚಿಲ್ಲರೆ, ಅಷ್ಟೇ. ಅದು ಸೇರಲು ಅಕ್ಟೋಬರ್ 9 ಆಯಿತು, ಅಲ್ಲಿಯವರೆಗೆ ಜನ ಒಂದು ಮೆಟ್ರೋ ಇಳಿದು, ಬಸ್ ಹಿಡಿದು, ಮತ್ತೊಂದು ಮೆಟ್ರೋ ಹತ್ತುತ್ತಿದ್ದರು. ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿ ದಾಟಬೇಕಿತ್ತು, ಅದಕ್ಕೆ ಉಕ್ಕಿನ ಗರ್ಡರ್, ಅಂದರೆ ಉದ್ದನೆಯ ತೊಲೆ ಬೇಕಿತ್ತು. ಓಡಾಡುವ ರೈಲುಗಳ ಮೇಲೆ ಗರ್ಡರ್ ಕೂರಿಸಬೇಕೆಂದರೆ ಮೊದಲು ಡ್ರಾಯಿಂಗ್‌ಗೆ ರೈಲ್ವೆಯ ಒಪ್ಪಿಗೆ, ಆಮೇಲೆ ಲೈನ್ ಬ್ಲಾಕ್, ಅಂದರೆ ಇಷ್ಟು ಗಂಟೆ ಈ ಹಳಿಯಲ್ಲಿ ರೈಲು ಬಿಡುವುದಿಲ್ಲ ಅನ್ನುವ ಅನುಮತಿ. ನಿಮ್ಮ ಕ್ರೇನ್, ಜನ ಎಲ್ಲ ರೆಡಿ ಇದ್ದರೂ ಬ್ಲಾಕ್ ಸಿಗದಿದ್ದರೆ ಸುಮ್ನೆ ನಿಲ್ಲಬೇಕು. ಹಳದಿ ಮಾರ್ಗದಲ್ಲೂ ಹಾಗೇ. ಹಳಿ ಇತ್ತು, ನಿಲ್ದಾಣ ಇತ್ತು, ತಯಾರಕರಿಂದ ಸಾಕಷ್ಟು ರೈಲು ಬಂದಿರಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಮೂರೇ ರೈಲುಗಳಿಂದ, 25 ನಿಮಿಷಕ್ಕೊಂದರಂತೆ ಶುರು ಮಾಡಿದರು.

ಇನ್ನು ನೆಲದೊಳಗಿನದು. ಇದು ನನ್ನ ಸ್ವಂತ ಅನುಭವ, ಇವತ್ತಿಗೂ ಮನಸ್ಸಿನಲ್ಲಿ ಕೂತಿದೆ. ಒಂದು ಫ್ಲೈಓವರ್ ಕೆಲಸದಲ್ಲಿ ನಮಗೆ ಕೊಟ್ಟ ನಕ್ಷೆಯಲ್ಲಿ ಒಂದು ಕಂಬ ಬರುವ ಜಾಗದ ಕೆಳಗೆ ಏನೂ ಇರಲಿಲ್ಲ. ಮೊದಲು ಕೈಯಲ್ಲಿ ಗುಂಡಿ ತೋಡಿ ನೋಡುವ ಪದ್ಧತಿ ಇದೆ, ಟ್ರಯಲ್ ಪಿಟ್ ಅಂತಾರೆ. ಅವಸರದಲ್ಲಿ ನಾನೇ ಅದನ್ನು ಕೆಲಸದ ವೇಳಾಪಟ್ಟಿಯಿಂದ ತೆಗೆದಿದ್ದೆ. ಕಂಬದ ಅಡಿಪಾಯಕ್ಕೆ ನೆಲ ಕೊರೆಯುವ ಯಂತ್ರ, ಪೈಲಿಂಗ್ ರಿಗ್, ಬಂದ ಮೇಲೆ ಕೆಳಗೆ ದೊಡ್ಡ ಕುಡಿಯುವ ನೀರಿನ ಪೈಪ್ ಸಿಕ್ಕಿತು. ಪೈಪ್ ಸರಿಸಲು ಇನ್ನೊಂದು ಇಲಾಖೆಯ ಅಂದಾಜು, ಅವರ ಟೆಂಡರ್, ನೀರು ನಿಲ್ಲಿಸುವ ದಿನ, ಅದೆಲ್ಲ ಬೇಡ ಅಂತ ಕಂಬವನ್ನೇ ಸರಿಸೋಣ ಅಂದರೆ ಡಿಸೈನ್ ಮತ್ತೆ ಮೊದಲಿಂದ, ಹೀಗೆ ನಾಲ್ಕು ತಿಂಗಳು ಹೋಯಿತು. ರಿಗ್ ಬಾಡಿಗೆ ಓಡುತ್ತಲೇ ಇತ್ತು. ಬ್ಯಾರಿಕೇಡ್ ಹಿಂದೆ ಒಬ್ಬರು ಟೈಲರ್ ಅಂಗಡಿ ಇಟ್ಟಿದ್ದರು. ಗಿರಾಕಿ ಬರದೆ ಆ ನಾಲ್ಕು ತಿಂಗಳಲ್ಲೇ ಬಾಗಿಲು ಹಾಕಿಕೊಂಡು ಹೋದರು. ಅವರಿಗೆ ಯಾರೂ ಪರಿಹಾರ ಕೊಡಲಿಲ್ಲ. ಅವರ ಮುಖ ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ಗೊತ್ತಾಯಿತು, ಆ ಪೈಪ್ ಎಲ್ಲಿ ಹೋಗುತ್ತದೆ ಅಂತ ಆ ಏರಿಯಾದ ವಾಲ್ವ್‌ಮನ್‌ಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಅಲ್ಲಿ ನೀರು ಬಿಡುತ್ತಿದ್ದವರು. ನಾವು ಅವರನ್ನು ಕೇಳಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲ ತಿಂಗಳು ಕಂಪ್ಯೂಟರ್ ಮುಂದೆ ಜಾಸ್ತಿ ಕೂರಬೇಡಿ. ನಿಮ್ಮ ಮಾರ್ಗದ ಉದ್ದಕ್ಕೂ ನಡೆಯಿರಿ. ವಾಲ್ವ್‌ಮನ್, ಲೈನ್‌ಮನ್, ಟ್ರಾಫಿಕ್ ಪೊಲೀಸರು, ಹಳೇ ಅಂಗಡಿಯವರು, ಇವರ ಹತ್ತಿರ ಮಾತಾಡಿ. ಮರ ಕಡಿಯುವ ಅನುಮತಿ, ವಿದ್ಯುತ್ ಕೇಬಲ್, ರೈಲ್ವೆ, ಜಮೀನು ಪ್ರತಿಯೊಂದಕ್ಕೂ ಬಾರ್ ಚಾರ್ಟ್‌ನಲ್ಲಿ (ಯಾವ ಕೆಲಸ ಯಾವಾಗಿಂದ ಯಾವಾಗಿನವರೆಗೆ ಅಂತ ಪಟ್ಟಿಗಳಲ್ಲಿ ತೋರಿಸುವ ನಕ್ಷೆ) ಪ್ರತ್ಯೇಕ ಸಾಲು ಹಾಕಿ, ಪಕ್ಕದಲ್ಲಿ ಒಬ್ಬರ ಹೆಸರು ಬರೆಯಿರಿ. ಬರೀ ‘ಇಲಾಖೆ’ ಅಂತ ಬರೆದರೆ ಯಾರೂ ಫೋನ್ ಎತ್ತುವುದಿಲ್ಲ. ಮುಂದಿನ ಮೂರು ವಾರದ ಕೆಲಸದ ಪಟ್ಟಿಯನ್ನು ಫೋರ್‌ಮನ್ ಜೊತೆ ಕೂತು ಮಾಡಿ, ‘ಇದು ಆಗಲ್ಲ ಸಾರ್’ ಅಂತ ಅವರು ಅಂದರೆ ಬೇಜಾರಾಗದೆ ಯಾಕೆ ಅಂತ ಕೇಳಿ. ತಡ ಆಗುವುದು ಖಚಿತವಾದ ದಿನವೇ ಮೇಲಿನವರಿಗೆ ತಿಳಿಸಿ. ಟ್ರಯಲ್ ಪಿಟ್ ಮಾತ್ರ ಯಾರು ಎಷ್ಟೇ ಒತ್ತಡ ಹಾಕಿದರೂ ಬಿಡಬೇಡಿ.

ನಿಮ್ಮದು ಎತ್ತರದ ಮಾರ್ಗವಾ, ಸುರಂಗವಾ ಅಂತ ಹೇಳಲಿಲ್ಲ. ಸುರಂಗವಾದರೆ ಬೆಂಗಳೂರಿನ ಬಂಡೆ-ಮಣ್ಣು ಬೆರೆತ ನೆಲದ ವಿಷಯ ಬೇರೆಯೇ ಇದೆ. ಅದನ್ನು ಇನ್ನೊಂದು ಪ್ರಶ್ನೆಯಾಗಿ ಕೇಳಿ, ಬರೆಯುತ್ತೇನೆ.